ನಿಂಬೆ ಮುಟ್ಟದ ಈಲಿ

ತಿಥಿ ಮುಗಿದ ಮರುದಿನ ಹಾಲಿನವನು ಎಂದಿನಂತೆ ಎರಡು ಪಾಕೆಟ್ ಇಟ್ಟುಹೋಗಿದ್ದ. ಒಂದನ್ನಷ್ಟೇ ಕಾಯಿಸಿ, ದಾವಣಗೆರೆಯಿಂದ ಜಗಳೂರಿನ ಮೊದಲ ಬಸ್ ಹತ್ತಿದೆ.

ಬಿಸಿಲು ಇನ್ನೂ ಬಂದಿಲ್ಲ. ಮಟನ್ ಅಂಗಡಿಯ ಪಕ್ಕದ ಕಟ್ಟೆಯಲ್ಲಿ ಉಚ್ಚಂಗೆಮ್ಮ ಕುರಿಯ ಕರುಳು-ಬೋಟಿ ತೊಳೆಯುತ್ತಿದ್ದಾರೆ. ತಲೆ, ಕಾಲು, ಈಲಿ ಬಿಡಿಸಿ ಮಾರುವುದು ಅವರ ಕೆಲಸ. ಯಕೃತ್ತಿಗೆ ಇಲ್ಲಿ ಈಲಿ ಎನ್ನುತ್ತಾರೆ. ಭಾನುವಾರವಾದರೆ ಇಪ್ಪತ್ತು ಕುರಿ. ಚಳಿಗಾಲದಲ್ಲಿ ಬೆರಳು ಮರಗಟ್ಟುತ್ತವೆ.

ನನ್ನ ಗಂಡ ನಿಂಗರಾಜ್ ವಾರಕ್ಕೊಮ್ಮೆ ಇವರಿಂದ ಬಿಸಿಯಾರದ ಈಲಿ ಪಡೆದು, ಐಸಿನಲ್ಲಿಟ್ಟು ಯುನಿವರ್ಸಿಟಿ ಲ್ಯಾಬಿಗೆ ಒಯ್ಯುತ್ತಿದ್ದರು.

“ಮಾಂಸ ತಿನ್ನಲ್ಲ ಅಂತೀರಿ, ಮನೆಯಾಗೆ ಹುಲಿ ಸಾಕೀರೇನ್ರೀ ಸಾರ್ ಅಂತ ಕೇಳಿದ್ದೆ,” ಎಂದು ಉಚ್ಚಂಗೆಮ್ಮ ನಗುತ್ತಾರೆ. ನನ್ನ ಮುಖ ನೋಡಿ ಮತ್ತೆ ತೊಳೆಯತೊಡಗುತ್ತಾರೆ.

ಕಾಂತಕ್ಕೆ ಮಿಡಿಯುವ ಒಂದು ಬಗೆಯ ಅಣುವನ್ನು ಅಂಗಾಂಶಕ್ಕೆ ಬೆರೆಸಿದರೆ ಯಂತ್ರದಲ್ಲಿ ಅದರ ಸುಳಿವು ಕಾಣುತ್ತದೆ. ಜೀವವಿರುವ ಅಂಗಾಂಶ ಅದಕ್ಕೊಂದು ಎಲೆಕ್ಟ್ರಾನ್ ಕೊಟ್ಟುಬಿಡುತ್ತದೆ. ಆಗ ಅಣು ಅಲ್ಲೇ ಇರುತ್ತದೆ, ಯಂತ್ರಕ್ಕೆ ಮಾತ್ರ ಕಾಣುವುದಿಲ್ಲ. ಎಷ್ಟು ಬೇಗ, ಯಾವುದರಿಂದ? ನಿಂಗರಾಜ್ ಹುಡುಕುತ್ತಿದ್ದದ್ದು ಅದನ್ನೇ.

ಒಮ್ಮೆ ಅಳೆಯುವ ಮೊದಲೇ ಸುಳಿವು ಮಾಯವಾಯಿತು. ಮತ್ತೊಮ್ಮೆಯೂ ಹಾಗೇ. ಕಾರಣ ಹುಡುಕುತ್ತ ಇಲ್ಲಿಗೆ ಬಂದರೆ, ಉಚ್ಚಂಗೆಮ್ಮ ನಾತ ಹೋಗಲೆಂದು ಕತ್ತಿಗೆ ನಿಂಬೆಹೋಳು ಉಜ್ಜುತ್ತಿದ್ದರು. ನಿಂಬೆಯಲ್ಲಿರುವ ಸಿ ವಿಟಮಿನ್ ಕೂಡ ಆ ಅಣುವಿಗೆ ಅದನ್ನೇ ಮಾಡುತ್ತದೆ.

“ಬೈತಾರೆ ಅನ್ಕಂಡೆ. ನಕ್ಕೂ ನಕ್ಕೂ ಇಲ್ಲೇ ಕುಂತ್ರು. ಅವತ್ತಿಂದ ಅವರ ಈಲಿಗೆ ನಿಂಬೆ ಬಂದ್.”

ಇನ್ನು ಒಂದೇ ಅಳತೆ ಬಾಕಿ. ಅದಿಲ್ಲದಿದ್ದರೆ ನಿಂಗರಾಜರ ಸಂಶೋಧನೆ ಅಚ್ಚಾಗುವುದಿಲ್ಲ. ಯಂತ್ರ ಸಿಕ್ಕಿರುವುದು ಇವತ್ತು ಮಾತ್ರ. ಅವರ ಸಹೋದ್ಯೋಗಿ ನೇತ್ರಾವತಿ ಲ್ಯಾಬಿನಲ್ಲಿ ಕಾಯುತ್ತಿದ್ದಾರೆ. ಇದನ್ನು ಹೇಳಿದಾಗ ಉಚ್ಚಂಗೆಮ್ಮನ ಕೈ ನಿಲ್ಲುತ್ತದೆ.

“ಅಯ್ಯೋ ತಾಯಿ, ಸಾರೇ ಇಲ್ಲ, ಯಾರು ಬರ್ತಾರೆ ಅಂತ ಎಲ್ಲಾ ಕತ್ತಿಗೂ ಉಜ್ಜಿಬಿಟ್ಟೀನಿ! ಕಟ್ಟಿಗೆ ಹಿಡಿಯಾಗೆ ರಸ ಇಳಿದೈತೆ. ತೊಳೆದ್ರೂ ಹೋಗಾದಲ್ಲ.”

“ಏ ಉಚ್ಚಂಗಿ, ಈಲಿ ಕೊಡ್ತೀಯೋ, ಪುರಾಣ ಹೇಳ್ತೀಯೋ?” ಎನ್ನುತ್ತಾರೆ ಪಾತ್ರೆ ಹಿಡಿದು ನಿಂತ ರಂಗಣ್ಣ.

“ನಿಂತ್ಕಳೋ ರಂಗಣ್ಣ. ಯುನಿವರ್ಸಿಟಿ ಈಲಿ ಮೊದ್ಲು!”

ಕೈ ತೊಳೆದು, ಹೊಸ ಮುತ್ತುಗದೆಲೆ ಹಾಸಿ, ಅದರ ಮೇಲೆ ಇನ್ನೂ ಹೆಚ್ಚದ ಬಿಸಿ ಈಲಿ ಇಡುತ್ತಾರೆ. ಕತ್ತಿಗಾಗಿ ಸುತ್ತ ನೋಡುತ್ತಾರೆ.

ಲ್ಯಾಬಿನಲ್ಲಿ ತೆಳುವಾಗಿ ಹೆಚ್ಚಲೆಂದು ನಿಂಗರಾಜ್ ಇವರಿಂದ ಒಂದು ಚಿಕ್ಕ ಕತ್ತಿ ಕೇಳಿ ಒಯ್ದಿದ್ದರು. ಹಿಂದಿರುಗಿಸಲೆಂದು ತಂದಿದ್ದೆ. ನೇತ್ರಾವತಿ ಅದನ್ನು ಕುದಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು. ಬಿಚ್ಚಿ ಉಚ್ಚಂಗೆಮ್ಮನ ಕೈಗಿಡುತ್ತೇನೆ.

ಹೆಬ್ಬೆರಳಲ್ಲಿ ಅಲಗು ಮುಟ್ಟಿ ನೋಡುತ್ತಾರೆ.

“ಮೊಂಡ ಕತ್ತಿ ಕೊಟ್ಟಿದ್ದೆ. ಸಾರು ಸಾಣೆ ಹಿಡಿಸ್ಯಾರೆ.”

ಹಾಗೆಂದು, ಈಲಿಯ ಮೇಲೆ ಅಲಗು ಇಳಿಸುತ್ತಾರೆ.