ಬೂದಿ ಬಿದ್ದ ದಿನದ ಡಿಕ್ಕಿ

ಎವೆಲಿಯೊ ಬ್ರೆನೆಸ್ ಶುದ್ಧ ಜಗಳಗಂಟ. ತನ್ನದೆಂದು ತಿಳಿದದ್ದನ್ನು ಕೂದಲೆಳೆಯಷ್ಟೂ ಬಿಟ್ಟುಕೊಟ್ಟವನಲ್ಲ. ಅವನು ತಪ್ಪೊಪ್ಪಿಕೊಂಡದ್ದನ್ನು ಕಾರ್ತಾಗೊ ಸೀಮೆಯಲ್ಲಿ ಕಂಡವರಿಲ್ಲ. ಹೆಂಡತಿ ನಿದಿಯಾ ಈ ಮಾತನ್ನು ಯಾರಿಂದಲೂ ಮುಚ್ಚಿಟ್ಟವಳಲ್ಲ. ಬೆಟ್ಟದ ತಿರುವಿನಲ್ಲಿ ಅವಳದೊಂದು ಸಣ್ಣ ಊಟದಂಗಡಿ ಇತ್ತು. ಆದರೆ ಮನೆ ನಡೆಯುತ್ತಿದ್ದದ್ದು ಅವನ ಕೆಂಪು ಟ್ಯಾಕ್ಸಿಯಿಂದ.

ಆ ಬೆಳಿಗ್ಗೆ ತುರ್ರಿಯಾಲ್ಬಾ ಜ್ವಾಲಾಮುಖಿ ಮತ್ತೆ ಬೂದಿ ಉಗುಳಿತು. ಹಗಲಿಗೇ ಮಬ್ಬು ಕವಿಯಿತು. ರಸ್ತೆ, ಸೂರು, ನಾಯಿಯ ಬೆನ್ನು, ಎಲ್ಲಕ್ಕೂ ಒಂದೇ ಬಣ್ಣ. ಇಳಿದು ಬರುತ್ತಿದ್ದ ಆಲೂಗಡ್ಡೆ ಲಾರಿಯೊಂದು ನಿದಿಯಾಳ ಅಂಗಡಿಯೆದುರೇ, ಏರುತ್ತಿದ್ದ ಎವೆಲಿಯೊನ ಟ್ಯಾಕ್ಸಿಯ ಮೂತಿ ಜಜ್ಜಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ.

ಪೊಲೀಸರೂ ವಿಮೆಯ ತನಿಖೆಗಾರನೂ ಬರುವವರೆಗೆ ಗಾಲಿ ಕದಲಿಸಬಾರದು. ಕದಲಿಸಿದವನು ವಿಮೆಯ ಆಸೆ ಬಿಟ್ಟಂತೆಯೇ. ಎವೆಲಿಯೊ ರಸ್ತೆಯ ನಡುವೆ ಕಂಬದಂತೆ ನಿಂತ.

"ರಸ್ತೆ ನಡುವಿನ ಗೆರೆ ದಾಟಿ ಬಂದು ಗುದ್ದಿದ್ದೀಯಲ್ಲೋ! ಕಣ್ಣನ್ನೂ ಆಲೂಗಡ್ಡೆ ಜೊತೆ ಮೂಟೆ ಕಟ್ಟಿದ್ಯಾ?"

"ಗೆರೆ ಎಲ್ಲಿ ಕಾಣ್ತಿತ್ತು, ದೊನ್ ಎವೆಲಿಯೊ?" ಲಾರಿಯ ವಿಲ್ಬರ್ತ್ ಮುಖ ಒರೆಸಿಕೊಂಡ. "ಲಾರಿ ನಂದಲ್ಲ. ತಪ್ಪು ನಂದು ಅಂತಾದ್ರೆ ಧಣಿ ನಾಳೆಯಿಂದ ಬರಬೇಡ ಅಂತಾರೆ."

"ಅದನ್ನ ಗುದ್ದೋ ಮುಂಚೆ ಯೋಚಿಸ್ಬೇಕಿತ್ತು."

ಹಿಂದೆ ಸಿಕ್ಕಿಕೊಂಡ ಬಸ್ಸಿನಿಂದ ಹೆಂಗಸೊಬ್ಬಳು ಕೂಗಿದಳು. "ಪಕ್ಕಕ್ಕೆ ತಗೋ ಮಾರಾಯ! ಇಲ್ಲೇ ಕೂತು ಬೂದಿಯಾಗ್ತೀವಿ!"

"ಆಗಿ! ಗಾಡಿ ಇದ್ದಲ್ಲೇ ಇರುತ್ತೆ."

ನಿದಿಯಾ ಬಿಸಿ ಬೆಲ್ಲದ ನೀರು ತಂದಳು. "ನ್ಯಾಯ ನಿಂದೇ ಇರ್ಲಿ, ಗಂಟಲಾದ್ರೂ ನೆನೆಸ್ಕೊ."

ಪೊಲೀಸರಿಗಿಂತ ಮೊದಲು ತನಿಖೆಗಾರ ಬಂದ. ಅಷ್ಟರಲ್ಲಿ ರಸ್ತೆ ಕಂಬಳಿ ಹೊದ್ದಂತಿತ್ತು. ಅತ್ತಿತ್ತ ನೋಡಿದ, ಕೆಮ್ಮಿದ. "ಗೆರೆ ಕಾಣಲ್ಲ. ಇಳಿಜಾರಲ್ಲಿ ಬಂದವನು ಲಾರಿಯವನು. ತಪ್ಪು ಅವನದು ಅಂತ ಬರ್ಕೊಳ್ತೀನಿ."

ವಿಲ್ಬರ್ತ್ ಲಾರಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಟ್ಯಾಕ್ಸಿ ರಿಪೇರಿಯಾಗುತ್ತದೆ, ಒಲೆ ಉರಿಯುತ್ತದೆ ಎಂದು ನಿದಿಯಾಳ ಎದೆ ಹಗುರವಾಯಿತು.

ಎವೆಲಿಯೊಗೆ ಅಷ್ಟು ಸಾಲದು. "ಗೆರೆ ನಾನೇ ತೋರಿಸ್ತೀನಿ," ಎಂದು ಟ್ಯಾಕ್ಸಿಯ ಮುಂಗಾಲಿಯ ಬಳಿ ಬೂಟಿನಿಂದ ಬೂದಿ ಕೆರೆದ. ಹಳದಿ ಬಣ್ಣ ಕಂಡಿತು. ಟ್ಯಾಕ್ಸಿಯ ಗಾಲಿಯೇ ಅದನ್ನು ದಾಟಿ ಲಾರಿಯ ಬದಿಗೆ ಹೋಗಿತ್ತು.

ತನಿಖೆಗಾರ ಅತ್ತ ತಿರುಗಿ ಬರೆಯುತ್ತಿದ್ದ. ಕಂಡದ್ದು ಗಂಡ ಹೆಂಡಿರಿಗೆ ಮಾತ್ರ. ಬೂದಿ ಸುರಿಯುತ್ತಲೇ ಇತ್ತು. ಸುಮ್ಮನಿದ್ದರೆ ಸಾಕು, ಬೆಟ್ಟವೇ ಎಲ್ಲವನ್ನೂ ಮುಚ್ಚಿಬಿಡುತ್ತಿತ್ತು.

"ಎವೆಲಿಯೊ," ಎಂದಳು ನಿದಿಯಾ ಮೆಲ್ಲನೆ. "ಒಳಗೆ ಬಾ."

ಅವನು ತಲೆಯ ಮೇಲಿನ ಟೋಪಿ ತೆಗೆದ. ರಸ್ತೆಯಲ್ಲಿ ಮಂಡಿಯೂರಿ, ಅದರಿಂದಲೇ ಗೆರೆಯನ್ನು ಗಾಲಿಯಿಂದ ಲಾರಿಯವರೆಗೂ ಒರೆಸುತ್ತಾ ಹೋದ. ನಿದಿಯಾ ಕೈಯಲ್ಲಿದ್ದ ಲೋಟವನ್ನು ಕೆಳಗಿಡಲೂ ಮರೆತು ನಿಂತಳು.

"ಸಾಹೇಬ್ರೇ," ಎಂದು ಅವನು ಕೂಗಿದ, "ಬೇಗ ಬನ್ನಿ. ಮತ್ತೆ ಮುಚ್ಕೊಳ್ತಿದೆ."