ತಾಲ್ಲೂಕಿಗೊಂದೇ ಕನ್ನಡಕ

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ತಂಪು ಕನ್ನಡಕ ಮಾರುತ್ತಿದ್ದವನು ಗಾಜಿಗೆ ಉಸಿರೂದಿ, ಪಂಚೆಯ ತುದಿಯಲ್ಲಿ ಒರೆಸಿ, “ಇಡೀ ತಾಲ್ಲೂಕ್ಗೆ ಇದೊಂದೇ ಕಣ್ಲಾ!” ಅನ್ನುತ್ತಿದ್ದ. ಎಂಬತ್ತಮೂರರಲ್ಲಿ ನಾವು ವಿಶ್ವಕಪ್ ಗೆದ್ದ ವಾರ, ಗಾಜಿನ ಮೂಲೆಯಲ್ಲಿ ವಿಶ್ವಕಪ್ಪಿನ ಚಿತ್ರದ ಚೀಟಿ ಅಂಟಿಸಿದ್ದ ಕನ್ನಡಕವೊಂದನ್ನು ಕೊಂಡು ನನ್ನ ಕಪ್ಪೆಮೂತಿಗೆ ಏರಿಸಿಕೊಂಡೆ. ಬಸ್ಸು ಗೊರವನಹಳ್ಳಿ ತಲುಪುವಷ್ಟರಲ್ಲಿ ಬೆವರಿಗೆ ಚೀಟಿ ಕಿತ್ತುಬಂತು. ಅದರಡಿಯಲ್ಲಿ ಹಿಂದಿನ ವರ್ಷ ದಿಲ್ಲಿಯಲ್ಲಿ ನಡೆದ ಏಷ್ಯಾಡ್ ಕ್ರೀಡಾಕೂಟದ ಲಾಂಛನದ ಆನೆ ಕುಣಿಯುತ್ತಿತ್ತು! ಮಾರಾಟವಾಗದ ಹಳೇ ಮಾಲು ನನ್ನ ಮೂಗಿನ ಮೇಲೆ! ಎಂಥ ಅನ್ಯಾಯ!

ಉರಿದುಕೊಂಡೇ ಮರಳಿ ಬಂದು ಆನೆ ತೋರಿಸಿದೆ. “ಎಲ್ಡು ಆಟ ಒಂದ್ರಾಗೇ ಐತಲ್ಲಾ! ಇಂಥದ್ದು ಇಡೀ ತಾಲ್ಲೂಕ್ಗೆ ಇದೊಂದೇ ಕಣ್ಲಾ!” ಅಂದ.

ಅವನ ಮಾನ ಕಳೆಯಲೆಂದು ಜನರ ನಡುವೆ ನಿಂತು, ಗಾಜಿಗೆ ಉಸಿರೂದಿ, ಅವನದೇ ದನಿಯಲ್ಲಿ ಅದನ್ನೇ ಕೂಗಿದೆ. ಯಾರೂ ನಗಲಿಲ್ಲ. ಇಬ್ಬರು ಬಂದು ರೇಟು ಕೇಳಿದರು.

ಅವನು ಕನ್ನಡಕಗಳ ಪೆಟ್ಟಿಗೆ ತೆರೆಯುತ್ತಾ, “ನೀನೇ ಇನ್ನೊಂದ್ಸಲ ಕೂಗ್ಲಾ!” ಅಂದ.