ಜಗಲಿಯ ಊಟ ಮತ್ತು ಅಳಿಯನ ವೈನ್

ಮಲ್ಲಾಪುರದ ಕ್ವಾರ್ಟರ್ಸಿನಲ್ಲಿರುವ ಮಗಳ ಮನೆಗೆ ಹೋದಾಗ ಅಳಿಯ ಗೋವಾದಿಂದ ತಂದ ಕೆಂಪು ವೈನ್ ತೆಗೆದ. ಫ್ರಾನ್ಸಿನ ರೋನ್ ಎಂಬ ಕಡೆಯವರ ಹಾಗೆ ಮೂರು ಜಾತಿಯ ದ್ರಾಕ್ಷಿ ಬೆರೆಸಿ ಮಾಡಿದ್ದಂತೆ.

"ಅತ್ತೆ, ಒಂಚೂರು ರುಚಿ ನೋಡಿ," ಎಂದ.

ನಾನು ಈ ವಯಸ್ಸಿನವರೆಗೂ ಹೆಂಡ ಸಾರಾಯಿ ಮುಟ್ಟಿದವಳಲ್ಲ. ಆದರೂ ಕುಡಿದೆ. ಮೊದಲು ನೇರಳೆ ಹಣ್ಣಿನ ಒಗರು, ಆಮೇಲೆ ಕಾಳುಮೆಣಸಿನ ಘಾಟು. ಹುರಿದ ಬಂಗಡೆಯ ಜೊತೆ ಚೆನ್ನಾಗಿಯೇ ಇತ್ತು. ಹಾಗೆಂದು ಹೇಳಿಯೂ ಬಿಟ್ಟೆ.

ಮಗಳು ತನ್ನ ಲೋಟ ಕೆಳಗಿಟ್ಟಳು. "ಈಗ ಚಲೋ ಆಯ್ತಾ ಆಯಿ? ಕುಡ್ದ ವಾಸ್ನೆ ಆಗುದಿಲ್ಲ ಅಂತ ಅಪ್ಪನ್ನ ಸಾಯೂ ತನಕ ಜಗಲಿ ಮೇಲೆ ಕೂರ್ಸಿ ಊಟ ಹಾಕ್ದೆ. ತಾಟು ಒಯ್ದು ಕೊಡ್ತಿದ್ದೋಳು ನಾನೇ."

ಅಳಿಯ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸತೊಡಗಿದ.

"ವಾಸ್ನೆಗಲ್ಲ," ಎಂದೆ. "ಕುಡ್ದು ಒಳಗೆ ಬಂದ್ರೆ ನಂಗೆ ಹೊಡೀತಿದ್ದ. ನಿನ್ನ ಕಣ್ಣೆದುರು ಬ್ಯಾಡ ಅಂತ ಹೊರಗಿಟ್ಟೆ. ಈ ವೈನ್ ಕುಡ್ದಿದ್ರೂ ಹೊಡೀತಿದ್ದ."

ಅವಳಿಗೆ ಅದು ಗೊತ್ತಿರಲಿಲ್ಲ. ಅಪ್ಪನ ಮೇಲಿನ ಅವಳ ಪ್ರೀತಿ ಇರಲಿ ಎಂದು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅವಳು ಎದ್ದು ಹೋದಳು. ನಾನು ಲೋಟದಲ್ಲಿದ್ದದ್ದನ್ನು ಪೂರ್ತಿ ಕುಡಿದೆ. ಆಗಲೂ ರುಚಿಯಾಗಿಯೇ ಇತ್ತು.